ಗಡಿಯಾರ ಶುರುವಾಗಬೇಕಾದದ್ದು ಸೂಜಿ ಚುಚ್ಚಿದಾಗ

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಅಜ್ಜನ ರಕ್ತ ತೆಗೆದದ್ದು ನಾನೇ. ಕಾಲು ಊತ, ಸುಸ್ತು ಅಂತ ಬಂದಿದ್ದರು. ನಮ್ಮದು ಸಮುದಾಯ ಆರೋಗ್ಯ ಕೇಂದ್ರ. ಪೊಟ್ಯಾಸಿಯಂ ನಮ್ಮಲ್ಲಿ ಮಾಡಲ್ಲ, ಟೆಂಡರ್ ಆದ ಖಾಸಗಿ ಲ್ಯಾಬಿಗೆ ಹೋಗುತ್ತದೆ. ನಾಲ್ಕು ಗಂಟೆಗೆ ಬರಬೇಕಿದ್ದ ಪಿಕಪ್ ಹುಡುಗ ಬರಲಿಲ್ಲ. ಬಂದದ್ದು ಭಾನುವಾರ ಸಂಜೆ.

ಅಷ್ಟು ಹೊತ್ತು ಆ ಟ್ಯೂಬ್ ಫ್ರಿಜ್ಜಿನಲ್ಲಿತ್ತು. ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿ ಸೀರಮ್, ಅಂದರೆ ಕಣಗಳಿಲ್ಲದ ತಿಳಿ ದ್ರವ, ಬೇರೆ ಮಾಡಿಡಬೇಕಿತ್ತು. ಮಷೀನ್ ಕೆಟ್ಟು ಮೂರು ವಾರ ಆಗಿತ್ತು. ರಿಪೇರಿ ನಮ್ಮದಾ, ಲ್ಯಾಬಿನವರದಾ ಅಂತ ಕರಾರಿನಲ್ಲಿ ಸ್ಪಷ್ಟ ಇರಲಿಲ್ಲ.

ಸೋಮವಾರ ರಿಪೋರ್ಟ್ ಬಂತು: 6.8. ಐದರ ಆಸುಪಾಸು ದಾಟಿದರೇ ಯೋಚಿಸಬೇಕು, 6.8 ಅಂದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು. ಇಂಥ ನಂಬರ್ ಬಂದರೆ ಲ್ಯಾಬಿನವರು ಕೂಡಲೇ ಫೋನ್ ಮಾಡಬೇಕು. ಯಾರೂ ಮಾಡಲಿಲ್ಲ. ಡಾಕ್ಟರ್ ಇಸಿಜಿ ಮಾಡಿಸಿದರು, ಚೆನ್ನಾಗೇ ಇತ್ತು. ಆದರೂ ಆ ನಂಬರ್ ನೋಡಿ ಯಾರು ತಾನೇ ಸುಮ್ನೆ ಕೂರುತ್ತಾರೆ? ಜಿಲ್ಲಾಸ್ಪತ್ರೆಗೆ ಕಳಿಸಿದರು. "ಸಾರ್, ನಮ್ಮ ಮಾವಂಗೆ ಏನಾಗ್ಬಿಡುತ್ತೆ?" ಅಂತ ಸೊಸೆ ನನ್ನ ಕೈ ಹಿಡಿದುಕೊಂಡಳು. ಸಾಲ ಮಾಡಿ ಕಾರು ಹಿಡಿದರು. ಅಲ್ಲಿ ಹೊಸದಾಗಿ ರಕ್ತ ತೆಗೆದರೆ 4.5.

ಯಾರೂ ಮೋಸ ಮಾಡಿರಲಿಲ್ಲ. ತಿರುಗಿಸದ ರಕ್ತವನ್ನು ತಣ್ಣಗಿಟ್ಟರೆ ಕಣಗಳ ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಕಣ ಒಡೆದರೆ ಸೀರಮ್ ಕೆಂಪಾಗಿ ನಮಗೆ ಗೊತ್ತಾಗುತ್ತದೆ, ಹೀಗೆ ಸೋರಿದರೆ ಗೊತ್ತಾಗಲ್ಲ. ಶುಗರ್‌ದು ಉಲ್ಟಾ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕದೆ ಹೊರಗೆ ಬಿಟ್ಟರೆ ಗಂಟೆಗಂಟೆಗೂ ಇಳಿಯುತ್ತಾ ಹೋಗುತ್ತದೆ. ಶುಗರ್ ಇದ್ದವರಿಗೂ ನಾರ್ಮಲ್ ಅಂತ ಬರಬಹುದು.

ಈಗ ಟೆಂಡರ್ ವಿಷಯಕ್ಕೆ ಬರ್ತೀನಿ. 2015ರಲ್ಲಿ ಕೇಂದ್ರ ಸರ್ಕಾರ ಉಚಿತ ಪರೀಕ್ಷೆಗಳ ಯೋಜನೆ ತಂದಿತು. ಈಗಿನ ಪಟ್ಟಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 63 ಪರೀಕ್ಷೆ, ಜಿಲ್ಲಾಸ್ಪತ್ರೆಗೆ 134. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಮಹಾರಾಷ್ಟ್ರ ಇದನ್ನು ಕೇಂದ್ರ ಸರ್ಕಾರದ ಕಂಪನಿ ಎಚ್‌ಎಲ್‌ಎಲ್‌ಗೆ ವಹಿಸಿತು. ತೆಲಂಗಾಣ ತನ್ನದೇ ದೊಡ್ಡ ಲ್ಯಾಬ್ ಕಟ್ಟಿ ಸುತ್ತಲಿನ ಕೇಂದ್ರಗಳಿಂದ ಸ್ಯಾಂಪಲ್ ತರಿಸಿಕೊಂಡಿತು. ಖಾಸಗಿಗೆ ಕೊಡಲೇಬಾರದು ಅಂತ ನಾನು ಹೇಳಲ್ಲ. ಕೊಡುವಾಗ ಏನು ಬರೆಸಿಕೊಳ್ಳುತ್ತೇವೆ ಅನ್ನೋದೇ ನನ್ನ ಸಂಕಟ.

ನಾನು ಕಂಡ ಕರಾರಿನಲ್ಲಿ ಇಷ್ಟು ಗಂಟೆಯೊಳಗೆ ರಿಪೋರ್ಟ್ ಕೊಡಬೇಕು, ತಡವಾದರೆ ದಂಡ ಅಂತಿತ್ತು. ಆದರೆ ಲೆಕ್ಕ ಶುರುವಾಗುತ್ತಿದ್ದದ್ದು ಸ್ಯಾಂಪಲ್ ಅವರ ಲ್ಯಾಬ್ ತಲುಪಿದ ಮೇಲೆ! ಅಜ್ಜನ ರಕ್ತ ಒಂದು ದಿನಕ್ಕೂ ಜಾಸ್ತಿ ಫ್ರಿಜ್ಜಿನಲ್ಲಿ ಕೂತದ್ದು ಆ ಲೆಕ್ಕಕ್ಕೇ ಬರಲಿಲ್ಲ. ಕಾಗದದಲ್ಲಿ ಅದು ಟೈಮಿಗೆ ಸರಿಯಾಗಿ ಬಂದ ರಿಪೋರ್ಟ್. ಬಿಲ್ಲೂ ಪಾಸಾಯಿತು. ಗಡಿಯಾರ ಸೂಜಿ ಚುಚ್ಚಿದ ಕ್ಷಣದಿಂದ ಶುರುವಾಗಬೇಕು ಅಂತ ಒಂದೇ ಒಂದು ಸಾಲು ಇದ್ದಿದ್ದರೆ, ಪಿಕಪ್ ಹುಡುಗನನ್ನು ಲ್ಯಾಬಿನವರೇ ಶನಿವಾರ ಓಡಿಸುತ್ತಿದ್ದರು.

ಟೆಂಡರಿನಲ್ಲಿ ಕಡಿಮೆ ರೇಟ್ ಹಾಕಿದವನೇ ಎಲ್1, ಕೆಲಸ ಅವನಿಗೆ. ತಪ್ಪೇನಿಲ್ಲ. ಆದರೆ ಒಂದು ಟೆಸ್ಟಿಗೆ ಎರಡು ಮೂರು ರೂಪಾಯಿ ಇಳಿಸಬೇಕಾದಾಗ ರೀಏಜೆಂಟ್, ಅಂದರೆ ಟೆಸ್ಟಿಗೆ ಬಳಸುವ ರಾಸಾಯನಿಕದ ಬೆಲೆ ಅಷ್ಟು ಸುಲಭಕ್ಕೆ ಇಳಿಯಲ್ಲ. ಇಳಿಯೋದು ಪಿಕಪ್ ಟ್ರಿಪ್ಪು, ಐಸ್ ಪ್ಯಾಕು, ಹುಡುಗನ ಸಂಬಳ. ಆದ್ದರಿಂದ ದಿನಕ್ಕೆ ಎಷ್ಟು ಟ್ರಿಪ್, ಡಬ್ಬಿಯೊಳಗೆ ಎಷ್ಟು ಡಿಗ್ರಿ, ಸೆಂಟ್ರಿಫ್ಯೂಜ್ ಯಾರ ಜವಾಬ್ದಾರಿ ಅನ್ನೋದನ್ನು ರೇಟ್ ಕೇಳುವ ಮೊದಲೇ ಬರೆದಿಡಬೇಕು. ಎಲ್ಲರೂ ಅದನ್ನು ಸೇರಿಸಿಯೇ ರೇಟ್ ಹಾಕಲಿ.

ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಸರ್ಟಿಫಿಕೇಟ್ ಇದೆ ಅಂದ ತಕ್ಷಣ ಟಿಕ್ ಹಾಕಿಬಿಡುತ್ತಾರೆ. ಆ ಮಾನ್ಯತೆ ಕಂಪನಿಗೆ ಕೊಡೋದಲ್ಲ. ಯಾವ ಊರಿನ ಲ್ಯಾಬು, ಅಲ್ಲಿ ಯಾವ ಯಾವ ಟೆಸ್ಟು ಅಂತ ಸ್ಕೋಪ್ ಅನ್ನೋ ಪಟ್ಟಿಯಲ್ಲಿ ಒಂದೊಂದಾಗಿ ಬರೆದಿರುತ್ತದೆ. ನಮ್ಮ ಸ್ಯಾಂಪಲ್ ಹೋಗುವ ಲ್ಯಾಬು, ನಮಗೆ ಬೇಕಾದ ಟೆಸ್ಟು ಅದರಲ್ಲಿದೆಯಾ ಅಂತ ಹಾಳೆ ತಿರುವಿ ನೋಡಬೇಕು ಅಲ್ವಾ?

ಟೆಂಡರ್ ಷರತ್ತು ಬರೆಯುವ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ರೇಟ್ ಹಾಕುವವರ ಜೊತೆ ಮೊದಲೇ ನಡೆಸುವ ಪ್ರೀ-ಬಿಡ್ ಸಭೆಗೂ ಮುಂಚೆ, ದಿನಾ ರಕ್ತ ತೆಗೆಯುವ ಒಬ್ಬ ಟೆಕ್ನಿಷಿಯನ್ ಹತ್ತಿರ ಹತ್ತು ನಿಮಿಷ ಕೂತು ಕೇಳಿ. ಅಜ್ಜನ ಘಟನೆ ಆದಮೇಲೆ ನಾನು ರಿಜಿಸ್ಟರಿನಲ್ಲಿ ಎರಡು ಗೆರೆ ಎಳೆದಿದ್ದೇನೆ. ಒಂದರಲ್ಲಿ ರಕ್ತ ತೆಗೆದ ಟೈಮು, ಇನ್ನೊಂದರಲ್ಲಿ ಪಿಕಪ್ ಹುಡುಗ ತೆಗೆದುಕೊಂಡು ಹೋದ ಟೈಮು, ಅವನ ಸಹಿ ಸಮೇತ. ಯಾವಾಗ ಕೇಳಿದರೂ ತಂದು ತೋರಿಸುತ್ತೇನೆ.