ಗಚ್ಚಿನ ಗ್ವಾಡಿಗೆ ಸಿಮೆಂಟ್ ಬಳಿಯೂದು ನಿಲ್ಲಸ್ರಿ

ವಿಜಯಪುರದಾಗ ಯಾವುದರೆ ಹಳೇ ಕಮಾನು, ಬಾವಡಿ, ಕೋಟಿ ಬಾಗಲ ದುರಸ್ತಿಗೆ ಬಂತು ಅಂದ್ರ ಸಾಕು, ಎದಿ ಧಸಕ್ ಅಂತದ. ಟ್ರಾಕ್ಟರಿನ್ಯಾಗಿಂದ ಇಳಿಯೂದು ಸಿಮೆಂಟ್ ಚೀಲಾನ. ಎರಡು ದಿನದಾಗ ಕಲ್ಲಿನ ಸಂದಿಗೆಲ್ಲ ಬೂದಿ ಬಣ್ಣದ ಪಟ್ಟಿ ಎಳದು, ಕರಣಿ ತುದಿಲೆ ಗೆರಿ ಕೊರದು, ಜೀರ್ಣೋದ್ಧಾರ ಆತು ಅಂತ ಫೋಟೋ ತಗಸ್ಕೋತಾರ. ಆದಿಲಶಾಹಿ ಗ್ವಾಡಿಯ ಉಸಿರು ಕಟ್ಟಸಿ ಕೊಲ್ಲೂದಕ್ಕ ಜೀರ್ಣೋದ್ಧಾರ ಅನ್ನೂ ಹೆಸರು ಯಾಕ್ ಕೊಡ್ತೀರಿ?

ನಮ್ಮ ಊರು ಕಟ್ಟಿದ್ದು ಕರಿಕಲ್ಲಿನ್ಯಾಗ. ಕರಿಕಲ್ಲು ನೀರು ಕುಡಿಯೂದು ಭಾಳ ಕಡಿಮಿ. ಅದಕ್ಕ ಗ್ವಾಡಿ ಒಳಗ ಹೊಕ್ಕ ಹಸಿ ಹೊರಗ ಬರಬೇಕಂದ್ರ ಕಲ್ಲಿನ ನಡುವಿನ ಗಚ್ಚಿನ, ಅಂದ್ರ ಸುಣ್ಣದ ಗಾರಿಯ, ಸಂದಿಯಿಂದಲೇ ಬರಬೇಕು. ಸಿಮೆಂಟ್ ಆ ದಾರಿ ಮುಚ್ಚತದ. ಹಂಗಂತ ನೀರು ಒಳಗ ಹೋಗೂದು ನಿಲ್ತದೇನು? ಸಿಮೆಂಟ್ ಒಣಗುವಾಗ ಕುಗ್ಗಿ ಕಲ್ಲಿನ ಅಂಚು ಬಿಡತದ, ಕೂದಲೆಳಿಯಷ್ಟು. ಆ ಸೀಳು ಮಳಿ ನೀರು ಹೀರಕೋತದ, ಹೊರಗ ಮಾತ್ರ ಬಿಡೂದಿಲ್ಲ. ದಪ್ಪ ಗ್ವಾಡಿಯೊಳಗ ಕಲ್ಲುಚೂರು-ಸುಣ್ಣದ ಭರ್ತಿ ಇರ್ತದ. ಅದು ತೊಯ್ದು, ಸುಣ್ಣ ತೊಳಕೊಂಡು ಹೋಗಿ, ಒಳಗ ಟೊಳ್ಳಾಗತದ. ಆಮ್ಯಾಲ ಗ್ವಾಡಿ ಹೊಟ್ಟಿ ಬಿಡತದ. ಉತ್ತರಿ ಮಳಿ ಜಡದು ಹೊಡದ ಒಂದು ರಾತ್ರಿ ಕುಸೀತದ. ಆಗ ಬಂದು ನೋಡಿ, ಹಳೇದು, ಎಷ್ಟಂತ ನಿಲ್ತದ ಅಂತಾರ. ನಾಕುನೂರು ವರ್ಷ ನಿಂತದ್ದು ನಿಮ್ಮ ಕೈ ಬಿದ್ದ ಮ್ಯಾಲೇ ಯಾಕ್ ಬಿತ್ತು ಅಂತ ಒಬ್ಬರೂ ಕೇಳೂದಿಲ್ಲ.

ಕೋಟಿ ಗ್ವಾಡಿದಂತೂ ಇನ್ನೂ ಕೆಟ್ಟ ಗತಿ. ಊರ ಸುತ್ತ ಸುಮಾರು 10 ಕಿಲೋಮೀಟರ್ ಇರೂ ಇದನ್ನ ಎರಡು ಕಲ್ಲಿನ ಗ್ವಾಡಿ ಎಬ್ಬಿಸಿ, ನಡುವ ಮಣ್ಣು ತುಂಬಿ ಕಟ್ಯಾರ. ಮಳಿಗಾಲದಾಗ ಆ ಮಣ್ಣು ಕುಡದ ನೀರು ಸಂದಿಯಿಂದ ಜಿನುಗಿ ಹೊರಗ ಬರಬೇಕು. ಸಂದಿಗೆಲ್ಲ ಸಿಮೆಂಟ್ ಜಡದ್ರ ಅಷ್ಟೂ ಒತ್ತಡ ಹೊರಗಿನ ಗ್ವಾಡಿ ಮ್ಯಾಲೆ ಬೀಳತದ. ನೀರಿಗೆ ದಾರಿ ಬಿಡದ ದುರಸ್ತಿಗಿಂತ ದುರಸ್ತಿ ಮಾಡದ ಇರೂದ ವಾಸಿ.

ಸಿಮೆಂಟ್ ಗಟ್ಟಿ ಅಲ್ಲೇನ್ರಿ ಅಂತ ವಾದ ಮಾಡ್ತಾರ. ಹೌದು, ಗಟ್ಟಿ. ಒಂದು ಪಾಲು ಸಿಮೆಂಟಿಗೆ ನಾಕು ಪಾಲು ಉಸುಕು ಹಾಕಿದ ಗಾರಿ 7.5 ಮೆಗಾಪಾಸ್ಕಲ್ ಒತ್ತಡ ತಾಳತದ, ಬರೇ ಸುಣ್ಣದ ಗಾರಿ ಒಂದೋ ಎರಡೋ. ಅದೇ ಇಲ್ಲಿ ತ್ರಾಸು. ನಮ್ಮ ಬ್ಯಾಸಿಗಿ ಬಿಸಲಿಗೆ ಗ್ವಾಡಿ ಹಿಗ್ಗತದ, ರಾತ್ರಿ ಕುಗ್ಗತದ. ಮೆತ್ತನ ಸುಣ್ಣ ಅದರ ಕೂಡ ಹೊಂದಕೋತದ, ಸಣ್ಣ ಬಿರುಕು ಬಿಟ್ರೂ ನೀರಿನ್ಯಾಗ ಕರಗಿದ ಸುಣ್ಣಾನೇ ಅಲ್ಲಿ ಕೂತು ತುಂಬತದ. ಸಿಮೆಂಟ್ ಬಗ್ಗೂದಿಲ್ಲ, ಅದಕ್ಕ ಕಲ್ಲಿನ ಅಂಚು, ಇಟ್ಟಂಗಿ ಮುಖ ಒಡದು ಉದರತಾವ. 1656ರಾಗ ಮುಗಿದ ಗೋಳಗುಮ್ಮಟದ 44 ಮೀಟರ್ ವ್ಯಾಸದ ಗುಮ್ಮಟ ಇಟ್ಟಂಗಿ ಮತ್ತ ಸುಣ್ಣದಿಂದ ಎದ್ದದ್ದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಾಗ.

ಸುಣ್ಣದ ಕೆಲಸ ಬ್ರಹ್ಮವಿದ್ಯಾ ಏನಲ್ಲ. ಸುಟ್ಟ ಸುಣ್ಣದ ಕಲ್ಲು ತೊಟ್ಟಿ ನೀರಿನ್ಯಾಗ ಅರಳಿಸಬೇಕು, ಜರಡಿ ಹಿಡದು ಎರಡು-ಮೂರು ವಾರ ನೀರಿನ ಕೆಳಗ ಕೊಳಿಸಬೇಕು, ಹೆಚ್ಚು ದಿನ ಬಿಟ್ಟಷ್ಟೂ ಚೊಲೋ. ಅರಳದ ಕಾಳು ಉಳಿದ್ರ ಗ್ವಾಡಿ ಮ್ಯಾಲ ಅರಳಿ ಗುಳ್ಳಿ ಎದ್ದು ಸಿಡೀತದ. ಆಮ್ಯಾಲ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಇಟ್ಟಂಗಿ ಪುಡಿ), ಒಂದೂವರಿ-ಎರಡು ಪಾಲು ತೊಳದ ಉಸುಕು ಹಾಕಿ ಗಾಣದಾಗ ಅರೀಬೇಕು. ಬೆಲ್ಲದ ನೀರು, ಅಳಲೆಕಾಯಿ ನೀರು ಹದ ನೋಡಿ ಹಾಕಬೇಕು. ಸವಳು ನೀರು ಮುಟ್ಟಬಾರದು, ಉಪ್ಪು ಹರಳುಗಟ್ಟಿ ಗಿಲಾವ್ ತಳ್ಳತದ. ಸಂದಿ ಕೆದರೂದಕ್ಕ ಉಳಿ-ಸುತ್ತಿಗಿ ಬೇಕು. ಗ್ರೈಂಡರ್ ಇಟ್ರ ಕಲ್ಲಿನ ಅಂಚ ಹೋತು. ಸಂದಿ ಎಷ್ಟು ಅಗಲ ಅದನೋ ಅದರ ಎರಡು ಪಟ್ಟಾದರೂ ಆಳಕ್ಕ ಕೆದರಬೇಕು: 20 ಮಿಲಿಮೀಟರ್ ಅಗಲ ಇದ್ರ 40 ಮಿಲಿಮೀಟರ್ ಆಳ. ಧೂಳ ತೊಳದು, ಹಸಿ ಮಾಡಿ, ಗಚ್ಚು ಒತ್ತಿ ತುಂಬಿ, ಎರಡು ವಾರ ಹಸಿ ಗೋಣಿ ಇಳಿಬಿಡಬೇಕು. ಈಗ ಮಾಡೂದು ಏನು? ಮ್ಯಾಲ ಮ್ಯಾಲ ಐದು ಮಿಲಿಮೀಟರ್ ಸವರಿ ಹೋಗೂದು.

ಇದೆಲ್ಲ ಗೌಂಡಿ ತಪ್ಪಲ್ಲ. ಸುಣ್ಣದ ಕೆಲಸಕ್ಕ ಹಂಗಾಮು ಅದ, ದೀಪಾವಳಿಯಿಂದ ಶಿವರಾತ್ರಿ ತನಕ. ಟೆಂಡರ್ ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ತಿರುಗಿ ಕೈಗೆ ಬರೂದೇ ಫೆಬ್ರುವರಿಗೆ. ಬಿಲ್ ಮಾರ್ಚ್ 31ರೊಳಗ ಆಗಬೇಕು. ಮೂರು ವಾರ ಸುಣ್ಣ ಕೊಳಿಸಿ, ಎರಡು ವಾರ ನೀರುಣಿಸಿ ಕೂಡೂದಕ್ಕ ಯಾವ ಗುತ್ತಿಗೆದಾರಗ ಪುರಸೊತ್ತದ? ಎಲ್ಲಾಕಿಂತ ಕಡಿಮಿ ದರ ಹಾಕಿದಾವಗ ಕೆಲಸ, ಅವಗ ಗಾಣ ಇಲ್ಲ, ತೊಟ್ಟಿ ಇಲ್ಲ, ಸುಣ್ಣ ಅರದ ಕೈ ಒಂದೂ ಇಲ್ಲ. ಅಂದಾಜುಪಟ್ಟಿ ಬರಿಯೂ ಎಂಜಿನಿಯರ್ ಸುಣ್ಣ ಅಂತ ಬರದ್ರೂ, ಸ್ಥಳದಾಗ ಸುಣ್ಣಕ್ಕ ‘ಸ್ವಲ್ಪ’ ಸಿಮೆಂಟ್ ಬೆರಸ್ತಾರ, ಬೇಗ ಬಿಗಿಯಲಿ ಅಂತ. ಆ ಸ್ವಲ್ಪಾನೇ ಸಾಕು, ಸುಣ್ಣದ ಗುಣ ಕೆಡತದ.

ಛಾವಣಿ ಸೋರಿದ್ರ ಮಳಿ ನೀರು ಹೊರಗ ಬಿಡೂ ಪರನಾಳಿಯಾಗ ಸಿಕ್ಕ ಕಸ ತಗಿಯೂದಿಲ್ಲ, ಮ್ಯಾಲ ನಾಕು ಇಂಚು ಕಾಂಕ್ರೀಟ್ ಹಾಕ್ತಾರ. ಚದರ ಮೀಟರಿಗೆ 240 ಕಿಲೋ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಛಾವಣಿಗೆ 24 ಟನ್. ಕೆಳಗಿನ ಕಮಾನು ಆ ಭಾರ ಹೊರಲಿ ಅಂತ ಕಟ್ಟಿದ್ದೇನು? ಗುಮ್ಮಟದ ಮ್ಯಾಲ ಹುಟ್ಟಿದ ಅರಳಿ ಗಿಡಾನೂ ಹಂಗ, ಮ್ಯಾಲ ಕತ್ತರಿಸಿ ಬೇರು ಬಿಟ್ಟು ಹೋಗ್ತಾರ, ಮುಂದಿನ ಮಳಿಗೆ ಎರಡು ಪಟ್ಟು ದಪ್ಪ ಆಗಿ ಬರ್ತದ.

ಹಳೇ ಕಟ್ಟಡದಾಗ ಕಚೇರಿ ನಡಸೂದು ತಪ್ಪಲ್ಲ. 1885ರಾಗ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಆದಿಲಶಾಹಿ ಮಹಲುಗಳೊಳಗೇ ಕಚೇರಿ ಹೂಡಿದ್ರು. ಗೋಳಗುಮ್ಮಟದ ಮುಂದಿನ ನಗಾರಖಾನಿ ಇವತ್ತಿಗೂ ವಸ್ತು ಸಂಗ್ರಹಾಲಯ. ಮಂದಿ ಇದ್ರ ಸೋರಿದ್ದು ಅವತ್ತೇ ಕಾಣತದ. ಆದ್ರ ವೈರಿಗೆ ಗ್ವಾಡಿ ಕೊರೀತೀರಿ, ಶೌಚಾಲಯದ ಪೈಪ್ ಹಳೇ ಗ್ವಾಡಿಗೇ ತಾಗಿಸ್ತೀರಿ, ಬೋರ್ಡಿಗೆ ಕಲ್ಲಿನ್ಯಾಗ ಕಬ್ಬಿಣದ ಮೊಳಿ ಹೊಡೀತೀರಿ. ಕಬ್ಬಿಣ ತುಕ್ಕು ಹಿಡದು ಉಬ್ಬಿ ಕಲ್ಲು ಸೀಳತದ. ಹೊಡಿಯೂದ ಇದ್ರ ಸ್ಟೇನ್‌ಲೆಸ್ ಸ್ಟೀಲ್ ಮೊಳಿ, ಅದೂ ಸಂದಿಯಾಗ. ಇಷ್ಟು ಮಾಡೂದಕ್ಕ ಯಾವ ಅನುದಾನ ಬೇಕು?

ಇನ್ನ ಮ್ಯಾಲ ಯಾವ ಕೆಲಸ ಸುರು ಆಗೂದಿದ್ರೂ, ಮೊದಲ ಮೂಲಿಯಾಗ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ನಮೂನಿ ಮಾಡಿ ಒಂದು ಮಳಿಗಾಲ ಬಿಡ್ರಿ. ಬಡದು ನೋಡ್ರಿ, ಡಬ್ ಡಬ್ ಅಂದ್ರ ಟೊಳ್ಳು. ಬಿಳಿ ಉಪ್ಪು ಎದ್ದದೇನು ನೋಡ್ರಿ. ಪಾಸಾದ್ರ ದೀಪಾವಳಿಗೆ ಪೂರಾ ಕೆಲಸ ಹಚ್ರಿ. ಕೆಲಸದ ಜಾಗಾದಾಗ ಸುಣ್ಣದ ತೊಟ್ಟಿ ಕಾಣದ ಇದ್ರ ಬಿಲ್ಲಿಗೆ ಸಹಿ ಹಾಕಬ್ಯಾಡ್ರಿ. ಓಣಿ ಮಂದಿನೂ ಹೋಗಿ ನಿಂತು ಕೇಳ್ರಿ: ತೊಟ್ಟಿ ಎಲ್ಲದ, ಸುಣ್ಣ ಎಷ್ಟು ದಿನ ಕೊಳಿಸೀರಿ, ಸಂದಿ ಎಷ್ಟು ಆಳ ಕೆದರೀರಿ?