ಟೈಲ್ಸಿನ ಮೇಲೆ ಏಳು ಚುಕ್ಕಿ

ಸಗಣಿ ಸಾರಿಸಿದ ಅಂಗಳದ ತರಿತರಿ ಮೈ ರಂಗೋಲಿ ಪುಡಿಯನ್ನು ಬಿದ್ದಲ್ಲೇ ಹಿಡಿದುಕೊಳ್ಳುತ್ತಿತ್ತು. ಅಪಾರ್ಟ್‌ಮೆಂಟಿನ ನುಣುಪು ಟೈಲ್ಸಿಗೆ ಆ ಬುದ್ಧಿಯಿಲ್ಲ. ಎದುರುಮನೆಯವರು ಬಾಗಿಲು ತೆಗೆದ ಗಾಳಿಗೇ ಕಮಲದ ಒಂದು ಎಸಳು ಲಿಫ್ಟಿನ ಕಡೆ ಹೊರಟುಬಿಡುತ್ತದೆ.

ಇದಕ್ಕೆ ಹೆಂಗಸರು ಕಂಡುಕೊಂಡ ಮದ್ದು ಸುಲಭದ್ದೇ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆಲ ಪೂರ್ತಿ ಆರುವ ಮೊದಲೇ ಎಳೆ ಬಿಡುವುದು. ನೀರು ಮಾತ್ರ ನಿಂತಿರಬಾರದು. ನಿಂತರೆ ಎಳೆ ಹರಡಿ ಬಳ್ಳಿ ಹೋಗಿ ಹಲ್ಲಿಯಾಗುತ್ತದೆ. ಟೈಲ್ಸೂ ಬಿಳಿಯಾದರೆ ಬಿಳಿ ಪುಡಿ ಕಾಣುವುದೇ ಇಲ್ಲ. ಆಗ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಬಳಿದು, ಅದರ ಮೇಲೆ ಎಳೆಯಬೇಕು. ಮೊದಲು ಅಂಚಿಗಷ್ಟೇ ಇದ್ದ ಕೆಮ್ಮಣ್ಣು ಹೀಗೆ ತಳಕ್ಕಿಳಿಯಿತು. ಟೈಲ್ಸಿನ ಸಂದಿಗೂ ಇಳಿಯುತ್ತದೆ, ಅದನ್ನು ತೆಗೆಯಲು ಬ್ರಷ್ಷೇ ಬೇಕು.

ಇನ್ನು ಅಳತೆ. ಸಂದು ಚುಕ್ಕಿಯೆಂದರೆ ಒಂದು ಸಾಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಡುವುದು. ನಡುಸಾಲಿನ 15ರಿಂದ ಮೇಲೂ ಕೆಳಗೂ ಒಂದೊಂದೇ ಇಳಿದು 8ಕ್ಕೆ ನಿಲ್ಲುವ ಸಂದು ಚುಕ್ಕಿಗೆ 15 ಸಾಲು, ಒಟ್ಟು 169 ಚುಕ್ಕಿ. ಒಂದೂವರೆ ಇಂಚಿಗೊಂದರಂತೆ ಇಟ್ಟರೂ ನಡುಸಾಲು 21 ಇಂಚು. ಎರಡಡಿ ಟೈಲ್ಸಿನೊಳಗೆ ಕೂರುತ್ತದೆ ನಿಜ, ಚಪ್ಪಲಿಗೆ ಮಾತ್ರ ಜಾಗವಿಲ್ಲ. ಹಾಗಾಗಿ ಕಾರಿಡಾರಿನಲ್ಲಿ ಗೆದ್ದದ್ದು 7ರಿಂದ 4ರ ಸಂದು ಚುಕ್ಕಿ: 37 ಚುಕ್ಕಿ, ಎರಡೆರಡು ಇಂಚು ಬಿಟ್ಟರೆ ಒಂದಡಿ ಅಗಲ. ಒಂದರ ನೇರಕ್ಕೆ ಒಂದು ಬಂದು ಸಾಲಿಗೆ ಎರಡೆರಡು ಇಳಿಯುವ 7ರಿಂದ 1ರ ನೇರ ಚುಕ್ಕಿಯಾದರೆ 25ಕ್ಕೇ ಮುಗಿಯಿತು. ಎರಡರಲ್ಲೂ ನಡುಸಾಲನ್ನೇ ಮೊದಲು ಇಡಬೇಕು. ಅದು ಸೊಟ್ಟಗಾದರೆ ಮೇಲೆ ಕೆಳಗೆ ಬರುವ ಸಾಲುಗಳೆಲ್ಲ ಅದರ ಹಿಂದೆಯೇ ಸೊಟ್ಟ ಹೋಗುತ್ತವೆ. ಟೈಲ್ಸು ಮಾಡಿರುವ ಒಂದೇ ಒಂದು ಉಪಕಾರ ಇಲ್ಲಿದೆ: ಎರಡು ಟೈಲ್ಸು ಕೂಡುವ ಗೆರೆಯನ್ನೇ ಅಡ್ಡಪಟ್ಟಿ ಮಾಡಿಕೊಳ್ಳಬಹುದು.

ತೂತು ಕೊರೆದ ಪ್ಲಾಸ್ಟಿಕ್ ಕೊಳವೆ ಉರುಳಿಸಿದರೆ ಅಂಚಿನ ಬಳ್ಳಿ ಕ್ಷಣದಲ್ಲಿ ಸಿದ್ಧ. ಪುಡಿ ಜರಡಿ ಹಿಡಿದಿರಬೇಕು, ಒಣಗಿರಬೇಕು. ಮಳೆಗಾಲದಲ್ಲಿ ಥಂಡಿ ಹಿಡಿದ ಪುಡಿ ತೂತಿಗೇ ಮೆತ್ತಿಕೊಳ್ಳುತ್ತದೆ.

ಸ್ಟಿಕ್ಕರ್ ರಂಗೋಲಿಗೆ ಈ ಯಾವ ರಗಳೆಯೂ ಇಲ್ಲ, ಅಂಚು ಎದ್ದು ಅಂಟಿಗೆ ಕಸ ಮೆತ್ತುವವರೆಗೆ. ಆದರೆ ಅದಕ್ಕೆ ತಿಥಿ ಗೊತ್ತಾಗುವುದಿಲ್ಲ. ಶ್ರಾದ್ಧದ ದಿನ ಕರ್ಮ ಮುಗಿಯುವ ತನಕ ಬಾಗಿಲಲ್ಲಿ ರಂಗೋಲಿ ಇರಬಾರದು. ಕಿತ್ತರೆ ಮತ್ತೆ ಅಂಟುವುದಿಲ್ಲ. ಅಂದು ಕಾಲೊರಸು ಎರಡಡಿ ಮುಂದೆ ಸರಿದು ಅದರ ಮೇಲೆ ಕೂರುತ್ತದೆ.