ಸಾವಿರ ಗಜದ ಗುರಿ, ಎಲ್ಕ್ ಬೇಟೆ, ಒಂದೇ ರೈಫಲ್: ಕೊಳ್ಳುವ ಮುಂಚೆ ಒಂದೆರಡು ಮಾತು

ಬೇಸಿಗೆ ಶುರುವಾದರೆ ಸಾಕು, ಕೊಲರಾಡೋ ಮತ್ತು ಸುತ್ತಮುತ್ತ ಇರುವ ನಮ್ಮ ಕನ್ನಡದ ಹುಡುಗರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾ, ಸಾವಿರ ಗಜ ದೂರದ ಗುರಿಗೂ ಹೊಡೆಯೋಕಾಗಬೇಕು, ಅಕ್ಟೋಬರಿನಲ್ಲಿ ಎಲ್ಕ್ ಬೇಟೆಗೂ ಆಗಬೇಕು. ಒಂದೇ ರೈಫಲ್ ಹೇಳಿ." (ಎಲ್ಕ್ ಅಂದರೆ ಇಲ್ಲಿನ ಕಾಡಿನ ದೊಡ್ಡ ಜಿಂಕೆ.) ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದುಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಓದಿ.

ಎರಡೂ ಕೆಲಸವನ್ನು ಚೆನ್ನಾಗಿ ಮಾಡುವ ರೈಫಲ್ ಇಲ್ಲ. ಬೇಟೆಗೆ ಸರಿಯಾದದ್ದನ್ನು ಮೊದಲು ಕೊಳ್ಳಿ, ಗುರಿ ಹೊಡೆಯುವುದನ್ನು ಅದರಲ್ಲೇ ಕಲಿಯಿರಿ. ಟಾರ್ಗೆಟ್ ಹುಚ್ಚು ಹಿಡಿದರೆ ದಪ್ಪ ನಳಿಗೆಯ ಇನ್ನೊಂದನ್ನು ಆಮೇಲೆ ತಗೊಳ್ಳಬಹುದು. ಉಲ್ಟಾ ಮಾಡಬೇಡಿ.

ಯಾಕೆ ಅಂದರೆ ತೂಕ. ದೂರದ ಟಾರ್ಗೆಟ್ ಪಂದ್ಯಗಳಲ್ಲಿ ಎಫ್-ಕ್ಲಾಸ್ ಅಂತ ಒಂದಿದೆ, ನೆಲದ ಮೇಲೆ ಮಲಗಿ, ಕೋವಿಯನ್ನು ಆಧಾರದ ಮೇಲಿಟ್ಟು ಹೊಡೆಯುವುದು. ಅದರ ಓಪನ್ ವಿಭಾಗದಲ್ಲಿ ರೈಫಲ್ 10 ಕೆ.ಜಿ.ವರೆಗೆ ಇರಬಹುದು, ಎಫ್-ಟಿಆರ್ ವಿಭಾಗದಲ್ಲಿ 8.25 ಕೆ.ಜಿ. ತೂಕ ಜಾಸ್ತಿಯಾದಷ್ಟೂ ಒದೆತ ಕಡಿಮೆ, ಕೈ ನಡುಕ ಕಡಿಮೆ. ದಪ್ಪ ನಳಿಗೆ ಬೇಗ ಕಾಯುವುದಿಲ್ಲ, ಹಾಗಾಗಿ ಸಾಲಾಗಿ ಇಪ್ಪತ್ತು ಗುಂಡು ಹೊಡೆದರೂ ಗುರಿ ಕದಲುವುದಿಲ್ಲ. ಅದೇ ರೈಫಲ್ಲನ್ನು ಹೆಗಲಿಗೆ ಹಾಕಿಕೊಂಡು ಹತ್ತು ಸಾವಿರ ಅಡಿ ಎತ್ತರದ ರಾಕಿ ಬೆಟ್ಟ ಹತ್ತಿ ನೋಡಿ. ಅಲ್ಲಿ ಬರೀ ಮೈ ಹೊತ್ತು ನಡೆಯುವುದಕ್ಕೇ ಉಸಿರು ಸಾಲುವುದಿಲ್ಲ. ಐಡಾಹೋ ರಾಜ್ಯದಲ್ಲಂತೂ ಸ್ಕೋಪ್ ಸೇರಿ 16 ಪೌಂಡ್‌ಗಿಂತ, ಅಂದರೆ ಸುಮಾರು ಏಳೂಕಾಲು ಕೆ.ಜಿ.ಗಿಂತ ಭಾರದ ಕೋವಿಯನ್ನು ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುವ ಹಾಗೇ ಇಲ್ಲ. ಒಳ್ಳೆಯ ಕಾನೂನು ಅದು.

ಬೇಟೆಯ ರೈಫಲ್ಲಿನ ಲೆಕ್ಕವೇ ಬೇರೆ. ಅಲ್ಲಿ ಮುಖ್ಯವಾಗುವುದು ತಣ್ಣಗಿರುವ ನಳಿಗೆಯಿಂದ ಹೋಗುವ ಮೊದಲ ಗುಂಡು. ಎಫ್-ಕ್ಲಾಸಿನಲ್ಲಿ ಅಂಕ ಎಣಿಸುವ ಮುಂಚೆ ಗಾಳಿ ನೋಡಿಕೊಳ್ಳಲು ಕೆಲವು ಗುಂಡು ಹೊಡೆಯಲು ಬಿಡುತ್ತಾರೆ, ಎಲ್ಕ್ ಹಾಗೆ ಬಿಡುತ್ತದೆಯೇ? ತೆಳು ನಳಿಗೆ ನಾಲ್ಕೈದು ಗುಂಡಿಗೆ ಬಿಸಿಯಾಗಿ ಚದುರಲು ಶುರುವಾದರೂ ಬೇಟೆಗೆ ಅದರಿಂದ ನಷ್ಟವಿಲ್ಲ. ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು, ಮೂರು ಗುಂಡು ಹೊಡೆದು ಆರಲು ಬಿಡಬೇಕು. ನನ್ನ ಪ್ರಕಾರ ಸ್ಕೋಪ್ ಸೇರಿ ನಾಲ್ಕು ಕೆ.ಜಿ. ಆಸುಪಾಸಿನ ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ಏರಿಸುವಂಥದ್ದು) ಮೊದಲ ಕೋವಿಯಾಗಿ ಸರಿ. ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ನನಗೆ ಇಷ್ಟ. ಬೋಲ್ಟ್ ನುಣ್ಣಗೆ ಓಡುತ್ತದೆ, ಟ್ರಿಗರ್ ಚೆನ್ನಾಗಿದೆ. ರುಗರ್ ಅಮೆರಿಕನ್, ಸಾವೇಜ್ 110, ಬರ್ಗಾರಾ, ಇವುಗಳಲ್ಲಿ ಯಾವುದಾದರೂ ಆದೀತು. ಇವತ್ತು ಸಾಧಾರಣ ಬೆಲೆಯ ರೈಫಲ್ ಕೂಡ ನಮ್ಮ ಕೈಗಿಂತ ಚೆನ್ನಾಗಿ ಹೊಡೆಯುತ್ತದೆ. ಬ್ರ್ಯಾಂಡ್ ಜಗಳದಲ್ಲಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಇನ್ನು ತೋಟಾ ಯಾವುದು ಅನ್ನುವುದು. ಎಲ್ಕ್ ಅಂದ ಕೂಡಲೇ ಅಂಗಡಿಯವನು 300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ಕೈಗಿಡುತ್ತಾನೆ. 1963ರ ತೋಟಾ, ಒಳ್ಳೆಯದೇ, ಶಕ್ತಿಗೆ ಏನೂ ಕಡಿಮೆಯಿಲ್ಲ. ಆದರೆ ಹಗುರ ರೈಫಲ್ಲಿನಲ್ಲಿ ಅದರ ಒದೆತ ಮುಂದೆ ಹೇಳುವ ಇನ್ನೊಂದು ತೋಟಾ 6.5 ಕ್ರೀಡ್‌ಮೂರ್‌ನ ಸುಮಾರು ಎರಡರಷ್ಟು. ಹೊಸಬರು ಒಂದು ಪೆಟ್ಟಿಗೆ ತೋಟಾ ಮುಗಿಸುವಷ್ಟರಲ್ಲಿ ಮೈ ಹೆದರಲು ಕಲಿತುಬಿಡುತ್ತದೆ. ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ಗುಂಡು ಎಲ್ಲಿಗೋ ಹೋಗುತ್ತದೆ. ಒಮ್ಮೆ ಹಿಡಿದ ಈ ಚಟವನ್ನು ಬಿಡಿಸುವುದು ಬಹಳ ಕಷ್ಟ. ನಳಿಗೆಯ ತುದಿಗೆ ಮಝಲ್ ಬ್ರೇಕ್ ಅನ್ನುವ ತೂತಿನ ತುಂಡು ಹಾಕಿದರೆ ಒದೆತ ಕಡಿಮೆಯಾಗುತ್ತದೆ, ನಿಜ, ಆದರೆ ಸದ್ದು ವಿಪರೀತ, ಮತ್ತು ಬೇಟೆಯಲ್ಲಿ ಕಿವಿ ಮುಚ್ಚಿಕೊಳ್ಳಲು ಯಾರಿಗೂ ನೆನಪಿರುವುದಿಲ್ಲ. ಕಿವಿ ಹೋದರೆ ವಾಪಸ್ ಬರುವುದಿಲ್ಲ.

6.5 ಕ್ರೀಡ್‌ಮೂರ್ ಅನ್ನು ಹಾರ್ನಡಿ ಕಂಪನಿ 2007ರಲ್ಲಿ ಹೊರತಂದದ್ದು ಟಾರ್ಗೆಟ್ ಹೊಡೆಯುವವರಿಗಾಗಿ. ಉದ್ದನೆಯ, ಚೂಪಾದ ಗುಂಡು, ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಒದೆತ ಕಡಿಮೆ. "ಎಲ್ಕ್‌ಗೆ ಅದು ಸಾಲದು" ಎನ್ನುವವರು ತುಂಬಾ ಜನ ಸಿಗುತ್ತಾರೆ. ಅವರಿಗೆ ನಾನು ಸ್ವೀಡನ್, ನಾರ್ವೆ ತೋರಿಸುತ್ತೇನೆ. 1894ರಷ್ಟು ಹಳೆಯ 6.5x55 ತೋಟಾದಿಂದ ಅಲ್ಲಿಯವರು ತಲೆಮಾರುಗಳಿಂದ ಮೂಸ್ ಹೊಡೆಯುತ್ತಿದ್ದಾರೆ. ಅದರ ಶಕ್ತಿಯೂ ಹೆಚ್ಚುಕಮ್ಮಿ ಕ್ರೀಡ್‌ಮೂರ್‌ನಷ್ಟೇ. ಕೊಲರಾಡೋ ಕಾನೂನು ಎಲ್ಕ್‌ಗೆ ಕೇಳುವುದೂ ಅಷ್ಟೇನಲ್ಲ: ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಕದ ಗುಂಡು, 100 ಗಜದಲ್ಲಿ 1000 ಫೂಟ್-ಪೌಂಡ್ ಶಕ್ತಿ. ನೀವು ಬೇಟೆಯನ್ನೇ ಮುಖ್ಯ ಮಾಡಿಕೊಂಡವರಾದರೆ 308 ವಿಂಚೆಸ್ಟರ್ ಅಥವಾ 1906ರಿಂದ ಇವತ್ತಿನವರೆಗೆ ಮುಪ್ಪಾಗದ 30-06 ತಗೊಳ್ಳಿ. ಗುರಿ ಹೊಡೆಯುವುದೂ ಅಷ್ಟೇ ಮುಖ್ಯವಾದರೆ ಕಣ್ಣುಮುಚ್ಚಿ 6.5 ಕ್ರೀಡ್‌ಮೂರ್.

ಈಗ ನಾನು ನಿಜವಾಗಿ ಹೇಳಬೇಕಾದ ಮಾತು. ರೇಂಜಿನಲ್ಲಿ ಸಾವಿರ ಗಜದ ಕಬ್ಬಿಣದ ತಟ್ಟೆಗೆ ಟಣ್ ಅನ್ನಿಸಿದ ಹುಡುಗ ಅಕ್ಟೋಬರಿನಲ್ಲಿ ಆರುನೂರು ಗಜದಾಚೆ ನಿಂತ ಎಲ್ಕ್ ಮೇಲೆ ಗುರಿ ಇಡುತ್ತಾನೆ. ಇದು ನನಗೆ ಸಿಟ್ಟು ತರಿಸುತ್ತದೆ. 6.5 ಕ್ರೀಡ್‌ಮೂರ್ ಗುಂಡಿಗೆ ಆರುನೂರು ಗಜ ಮುಟ್ಟಲು ಸುಮಾರು 0.8 ಸೆಕೆಂಡು ಬೇಕು. ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಇಟ್ಟರೆ ಶ್ವಾಸಕೋಶಕ್ಕೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ತಿಂದ ಎಲ್ಕ್ ಗಂಟೆಗಟ್ಟಲೆ ನರಳುತ್ತದೆ, ಸಿಗದೇ ಹೋದರೆ ಕಾಡಿನಲ್ಲೆಲ್ಲೋ ಸತ್ತು ಕೊಳೆಯುತ್ತದೆ. ಗಾಳಿಯ ಲೆಕ್ಕ ಇನ್ನೂ ಬೇರೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಐನೂರು ಗಜದಲ್ಲೇ ಗುಂಡನ್ನು ಒಂದಡಿಗಿಂತ ಜಾಸ್ತಿ ಪಕ್ಕಕ್ಕೆ ಸರಿಸುತ್ತದೆ, 308 ಆದರೆ ಇನ್ನಷ್ಟು. ಬೆಟ್ಟದ ಕಣಿವೆಗಳಲ್ಲಿ ನಿಮ್ಮ ಕಡೆ ಗಾಳಿ ಎಡದಿಂದ, ಎಲ್ಕ್ ಕಡೆ ಬಲದಿಂದ. ಇದನ್ನು ಯಾವ ಯಂತ್ರ ಹೇಳುತ್ತದೆ?

1887ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಶುರು ಮಾಡಿದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಕೂಡ ಈ ಅತಿ ದೂರದ ಬೇಟೆಯನ್ನು ಒಪ್ಪುವುದಿಲ್ಲ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು ಅನ್ನುವುದು ಅವರ ಹಳೆಯ ನಿಲುವು. ನಾನು ಇಟ್ಟುಕೊಂಡ ಮಿತಿ ಮುನ್ನೂರು ಗಜ, ಅದೂ ಗಾಳಿ ಸುಮ್ಮನಿದ್ದರೆ. ಅದಕ್ಕಿಂತ ದೂರ ಇದ್ದರೆ ಇನ್ನೂ ಹತ್ತಿರ ನಡೆಯುತ್ತೇನೆ, ಆಗದಿದ್ದರೆ ಬಿಟ್ಟು ಬರುತ್ತೇನೆ. ಮುನ್ನೂರು ಗಜಕ್ಕೆ ಮ್ಯಾಗ್ನಮ್ ಯಾಕೆ ಬೇಕು, ಹೇಳಿ. ರೈಫಲ್ ಆಯ್ಕೆಯ ಅರ್ಧ ಗೊಂದಲ ಈ ಮಿತಿ ಹಾಕಿಕೊಂಡ ದಿನವೇ ಮುಗಿಯುತ್ತದೆ.

ಗುಂಡಿನ ವಿಷಯದಲ್ಲೂ ಗುರಿ, ಬೇಟೆ ಎರಡನ್ನೂ ಬೆರೆಸಬೇಡಿ. ಮ್ಯಾಚ್ ಗುಂಡುಗಳು ಕಾಗದಕ್ಕೆ ತೂತು ಮಾಡಲು ಇರುವಂಥವು, ಪ್ರಾಣಿಯ ಮೈಯಲ್ಲಿ ಹೇಗೆ ವರ್ತಿಸುತ್ತವೆ ಅನ್ನುವ ಭರವಸೆ ಇಲ್ಲ. ಒಂದು ಸಲ ಚೂರುಚೂರು, ಇನ್ನೊಂದು ಸಲ ಸೂಜಿಯ ಹಾಗೆ ತೂರಿ ಹೋಗುತ್ತವೆ. ಹಾರ್ನಡಿಯಲ್ಲೇ ಇಎಲ್‌ಡಿ-ಎಂ ಗುರಿಗೆ, ಇಎಲ್‌ಡಿ-ಎಕ್ಸ್ ಬೇಟೆಗೆ. ನಾನು ಎಲ್ಕ್‌ಗೆ ಬಾರ್ನ್ಸ್ ತರಹದ ಪೂರ್ತಿ ತಾಮ್ರದ ಗುಂಡನ್ನೇ ಹೇಳುತ್ತೇನೆ. ಆಳಕ್ಕೆ ಹೋಗುತ್ತದೆ, ಮಾಂಸದಲ್ಲಿ ಸೀಸ ಉಳಿಯುವುದಿಲ್ಲ. ಮನೆಯಲ್ಲಿ ಮಕ್ಕಳು ತಿನ್ನುತ್ತಾರೆ ತಾನೇ? ಕ್ಯಾಲಿಫೋರ್ನಿಯಾದವರಿಗೆ ಹೇಗೂ ಬೇರೆ ದಾರಿಯಿಲ್ಲ, ಅಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಇನ್ನೊಂದು, ಸಮುದ್ರಮಟ್ಟದ ಊರಿನಲ್ಲಿ ದೂರದ ಲೆಕ್ಕ ಹಾಕಿಕೊಂಡು ಇಲ್ಲಿಗೆ ಬಂದರೆ ಗುಂಡು ಗುರಿಗಿಂತ ಮೇಲೆ ಬೀಳುತ್ತದೆ, ಯಾಕೆಂದರೆ ಎತ್ತರದ ತೆಳು ಗಾಳಿ ಗುಂಡನ್ನು ಕಡಿಮೆ ತಡೆಯುತ್ತದೆ. ಬಂದ ಮೇಲೆ ಮತ್ತೆ ಹೊಡೆದು ನೋಡಲೇಬೇಕು.

ನಮ್ಮವರಿಗೆ ಯಾರೂ ಹೇಳದ ಒಂದು ವಿಷಯ, ಸ್ಟಾಕಿನ ಉದ್ದ. ಟ್ರಿಗರ್‌ನಿಂದ ಸ್ಟಾಕಿನ ತುದಿವರೆಗೆ ಇಲ್ಲಿನ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಹದಿಮೂರೂವರೆ ಇಂಚು ಅಥವಾ ಸ್ವಲ್ಪ ಜಾಸ್ತಿ ಇರುತ್ತದೆ. ಐದೂವರೆ ಅಡಿಯವರಿಗೆ ಅದು ಉದ್ದವಾಯಿತು, ನವೆಂಬರಿನ ದಪ್ಪ ಜಾಕೆಟ್ ಹಾಕಿದರೆ ಇನ್ನೂ ಉದ್ದ. ಕುತ್ತಿಗೆ ಚಾಚಿ ಸ್ಕೋಪ್ ನೋಡುವವರು ಒದೆತಕ್ಕೆ ಸ್ಕೋಪ್ ಬಡಿದು ಹಣೆ ಸೀಳಿಸಿಕೊಳ್ಳುವುದು ಮಾಮೂಲು. ಅಂಗಡಿಯಲ್ಲಿ ಜಾಕೆಟ್ ಹಾಕಿಕೊಂಡೇ ಭುಜಕ್ಕೆ ಏರಿಸಿ ನೋಡಿ.

ದುಡ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೈಫಲ್ಲಿಗೆ ಎಷ್ಟೋ, ಸ್ಕೋಪಿಗೂ ಅಷ್ಟು. ಉಳಿದದ್ದೆಲ್ಲ ತೋಟಾಗೆ. ಮೂರು ಗುಂಡು ಒಂದೇ ಕಡೆ ಬಿದ್ದ ಕಾಗದದ ಫೋಟೋ ಹಾಕುವವರನ್ನು ನಂಬಬೇಡಿ, ಹತ್ತು ಗುಂಡಿನ ಗುಂಪು ನೋಡಿದರೆ ರೈಫಲ್ ಏನು, ನಾವೇನು ಅಂತ ಗೊತ್ತಾಗುತ್ತದೆ. ದೂರಕ್ಕೆ ಹೊಡೆದು ಕಲಿಯಲು ನ್ಯೂ ಮೆಕ್ಸಿಕೋದ ರಟೋನ್ ಹತ್ತಿರದ ವಿಟಿಂಗ್ಟನ್ ಸೆಂಟರಿಗೆ ಒಮ್ಮೆ ಹೋಗಿ. ಸಾವಿರ ಗಜದಲ್ಲಿ ಗುಂಡು 20 ಅಡಿಗಿಂತ ಜಾಸ್ತಿ ಕೆಳಗೆ ಇಳಿಯುವುದನ್ನು ಕಂಡ ಮೇಲೆ ಎಲ್ಕ್ ಮೇಲೆ ದೂರದಿಂದ ಹೊಡೆಯುವ ಆಸೆ ತಾನಾಗೇ ಇಳಿಯುತ್ತದೆ.

ಕೊಡಗು, ಮಲೆನಾಡಿನ ಕಡೆಯಿಂದ ಬಂದವರು "ನಮಗೆ ಕೋವಿ ಹೊಸದಲ್ಲ" ಎನ್ನುತ್ತಾರೆ. ಸರಿ, ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ಮರಕ್ಕೆ ಕಟ್ಟಿದ ತೆಂಗಿನಕಾಯಿ ಹೊಡೆದ ಕೈಗೆ ಹೆದರಿಕೆ ಇರುವುದಿಲ್ಲ, ಶಿಸ್ತೂ ಇರುತ್ತದೆ. ಆದರೆ ಜೋಡಿ ನಳಿಗೆಯ ತೋಟಾ ಕೋವಿಯ ದೂರವೇ ಬೇರೆ, ರೈಫಲ್ಲಿನದೇ ಬೇರೆ. ಬೇಟೆಯಂತೂ ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿದ ಮಾತು, ಹಾಗಾಗಿ ನಮ್ಮ ವಯಸ್ಸಿನವರಿಗೆ ಇದು ಹೊಸ ಕಲಿಕೆಯೇ. ಕೊಲರಾಡೋದಲ್ಲಿ 1949ರಲ್ಲಿ ಅಥವಾ ಆಮೇಲೆ ಹುಟ್ಟಿದವರೆಲ್ಲ ಬೇಟೆಗಾರರ ತರಬೇತಿ, ಹಂಟರ್ ಎಜುಕೇಷನ್, ಮುಗಿಸಿರಲೇಬೇಕು. ಅದನ್ನು ಕಾಟಾಚಾರಕ್ಕೆ ಮಾಡಬೇಡಿ.

ಕೊನೆಗೆ ವೀಸಾ. ಇದನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಲೈಸೆನ್ಸ್ ಅವಧಿ ಮುಗಿದ ಮೇಲೂ ರೈಫಲ್ ಮನೆಯಲ್ಲೇ ಇದ್ದರೆ ತೊಂದರೆ ನಿಮ್ಮ ಕೆಲಸಕ್ಕೂ ಬರುತ್ತದೆ, ವೀಸಾಕ್ಕೂ ಬರುತ್ತದೆ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ಇದನ್ನೇ ಕೇಳುತ್ತಾರೆ, ಸುಳ್ಳು ಬರೆಯಬೇಡಿ. ಅನುಮಾನ ಇದ್ದರೆ ಮೊದಲು ವಕೀಲರನ್ನು ಕೇಳಿ, ರೈಫಲ್ ಅಂಗಡಿಗೆ ಆಮೇಲೆ ಹೋದರಾಯಿತು.